ಮೆಲುಕು ಹಾಕದ ಕುದುರೆ

"ಗುರುಗಳೇ, ಎಷ್ಟು ಮಾಡಿದರೆ ಸಾಕು?" ಎಂದು ಮರುಳಸಿದ್ಧ ಕೇಳಿದ.

ಕೇಳುವಾಗ ಅವನ ದನಿ ಸರಿಯಾಗಿ ಹೊರಡಲಿಲ್ಲ. ಜಪ ಮಾಡಿ ಮಾಡಿ ಗಂಟಲು ಒಣಗಿತ್ತು. ಮಠಕ್ಕೆ ಸೇರಿದಾಗ ಮೈಕೈ ತುಂಬಿಕೊಂಡಿದ್ದ ಮನುಷ್ಯ ಈಗ ಬರೀ ಎಲುಬಾಗಿದ್ದ. ಗುರುಗಳು ಮಧ್ಯಾಹ್ನದ ಪ್ರಸಾದ ಮುಗಿಸಿ ಜಗಲಿಯಲ್ಲಿ ಕುಳಿತಿದ್ದರು. ಅವನು ಪ್ರಸಾದಕ್ಕೆ ಬಂದಿರಲಿಲ್ಲ.

"ಏನನ್ನು?" ಎಂದರು ಗುರುಗಳು.

ಮರುಳಸಿದ್ಧ ಎಲ್ಲವನ್ನೂ ಹೇಳಿಕೊಂಡ. ಮಠದಲ್ಲಿ ಅವನ ಜೊತೆಯವರಿಗೆಲ್ಲ ಏನೋ ಆಗುತ್ತಿತ್ತು. ಸಂಜೆಯ ಭಜನೆ ಮುಗಿದರೆ ಒಬ್ಬನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಇನ್ನೊಬ್ಬ ಕಣ್ಣು ಮುಚ್ಚಿ ಕುಳಿತನೆಂದರೆ ಮೂಗಿನ ಮೇಲೆ ನೊಣ ಕೂತರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅಡುಗೆ ಮಾಡುವ ಮುದುಕ ಕೂಡ ಜಪ ಮುಗಿಸಿ ಗೋಡೆಗೆ ಒರಗಿದರೆ ಅವನ ಮುಖದಲ್ಲಿ ತೃಪ್ತಿ ಕಾಣುತ್ತಿತ್ತು. ಮರುಳಸಿದ್ಧನಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಭಜನೆ ಮುಗಿದರೆ ಎದ್ದು ಚಾಪೆ ಸುತ್ತಿಡುತ್ತಿದ್ದ, ಅಷ್ಟೆ.

ತಾನು ಮಾಡುತ್ತಿರುವುದು ಸಾಲದು ಎಂದುಕೊಂಡು ಜಪ ಹೆಚ್ಚಿಸಿದ. ಏನೂ ಆಗಲಿಲ್ಲ. ನಿದ್ದೆ ಕಡಿಮೆ ಮಾಡಿದ. ರಾತ್ರಿಯ ಊಟ ಬಿಟ್ಟ, ಆಮೇಲೆ ಹಗಲಿನದೂ ಬಿಟ್ಟು ಹಾಲಿಗೆ ಇಳಿದ. ಆಗಲೂ ಏನಿಲ್ಲ. ಈಗ ಹಾಲನ್ನೂ ಬಿಟ್ಟು ಬೆಟ್ಟದ ಗವಿಯಲ್ಲಿ ಕೂರುವುದು, ಏನಾದರೂ ಕಾಣುವವರೆಗೆ ಏಳದಿರುವುದು ಎಂದು ನಿಶ್ಚಯಿಸಿದ್ದ. ಅದಕ್ಕೆ ಅಪ್ಪಣೆ ಬೇಡಲು ಬಂದಿದ್ದ.

"ಕಾಣದಿದ್ದರೆ?" ಎಂದರು ಗುರುಗಳು.

"ಏಳುವುದಿಲ್ಲ."

ಅವನು ಹೇಳಿದಂತೆ ಮಾಡುವವನೇ. ಗುರುಗಳಿಗೆ ಅದು ಗೊತ್ತಿತ್ತು. ಬಯ್ಯಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಜಗಲಿಯಲ್ಲಿ ಪಕ್ಕದ ಜಾಗ ತೋರಿಸಿದರು.

"ಕುಳಿತುಕೋ. ಗವಿ ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ಕುದುರೆಯ ವಿಷಯ ಹೇಳುತ್ತೇನೆ, ಕೇಳಿಕೊಂಡು ಹೋಗು."

ಹೀಗೆಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಎತ್ತು ಸಾಕುವುದರಲ್ಲಿ ಅವನನ್ನು ಮೀರಿಸುವವರು ಸುತ್ತಲಿನ ಹಳ್ಳಿಗಳಲ್ಲಿ ಯಾರೂ ಇರಲಿಲ್ಲ. ಈ ಮಾತನ್ನು ಊರವರು ಹೇಳುತ್ತಿದ್ದರು. ಊರವರಿಗಿಂತ ಸ್ವಲ್ಪ ಹೆಚ್ಚಾಗಿ ಅವನೇ ಹೇಳುತ್ತಿದ್ದ.

ಎತ್ತಿಗೆ ಎಷ್ಟು ಹುಲ್ಲು ಬೇಕೆಂದು ಅವನು ತೂಗಿ ಅಳೆದು ನೋಡುತ್ತಿರಲಿಲ್ಲ. ಪಕ್ಕೆಯ ಹಿಂದಿನ ಗುಳಿಯನ್ನು ನೋಡುತ್ತಿದ್ದ. ಗುಳಿ ತುಂಬಿದರೆ ಹೊಟ್ಟೆ ತುಂಬಿತು. ಹೊಟ್ಟೆ ತುಂಬಿದ ಎತ್ತು ಮೊಣಕಾಲೂರಿ ಮಲಗುತ್ತದೆ, ಕಣ್ಣು ಅರೆ ಮುಚ್ಚುತ್ತದೆ, ನುಂಗಿದ್ದನ್ನು ಮತ್ತೆ ಬಾಯಿಗೆ ತಂದುಕೊಂಡು ನಿಧಾನವಾಗಿ ಮೆಲುಕು ಹಾಕುತ್ತದೆ. ಆ ಸದ್ದು ಕಿವಿಗೆ ಬಿದ್ದ ಮೇಲೆಯೇ ರೈತ ಕೈಕಾಲು ತೊಳೆದು ಉಣ್ಣಲು ಕೂರುತ್ತಿದ್ದ. ಅದು ಅವನ ಮನೆತನದ ನೇಮ. ಅವನ ಅಪ್ಪನೂ ಅಜ್ಜನೂ ಹಾಗೆಯೇ ನಡೆದುಕೊಂಡವರು. ಕೊಟ್ಟಿಗೆಯಲ್ಲಿ ಕಟ್ಟಿದ ಪ್ರಾಣಿ ಮೆಲುಕು ಹಾಕದೆ ಮನೆಯ ಯಜಮಾನ ತುತ್ತು ಎತ್ತುವಂತಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಅವನ ಹೆಂಡತಿ ಇದನ್ನು ಕಂಡು ನಕ್ಕಿದ್ದಳು. "ನಿಮ್ಮನ್ನ ಊಟಕ್ಕೆ ಕರೆಯೋಳು ನಾನಲ್ಲ ಬಿಡಿ, ಆ ಎತ್ತು" ಎಂದಿದ್ದಳು. ಆಮೇಲೆ ಅವಳಿಗೂ ಒಗ್ಗಿಹೋಯಿತು. ಹೆಂಚಿಗೆ ರೊಟ್ಟಿ ಹಾಕುವ ಮೊದಲು ಅವಳೂ ಒಮ್ಮೆ ಕೊಟ್ಟಿಗೆಯ ಕಡೆ ಕಿವಿಗೊಡುತ್ತಿದ್ದಳು.

ಮುಂಗಾರು ಹತ್ತಿರವಿದ್ದಾಗ ಆ ದಾರಿಯಲ್ಲಿ ಒಬ್ಬ ವ್ಯಾಪಾರಿ ಬಂದ. ಅವನ ಕುದುರೆ ಕುಂಟುತ್ತಿತ್ತು. ಗೊರಸಿಗೆ ಚೂಪುಕಲ್ಲು ನಟ್ಟು ಕೀವಾಗಿತ್ತು. ಜೊತೆಯ ವ್ಯಾಪಾರಿಗಳು ಮುಂದೆ ಹೋಗಿಬಿಟ್ಟಿದ್ದರು. ಮಳೆ ಹಿಡಿಯುವ ಮೊದಲು ಅವರನ್ನು ಕೂಡಿಕೊಳ್ಳದಿದ್ದರೆ ಅವನಿಗೆ ದಾರಿ ಇರಲಿಲ್ಲ. ಕುದುರೆಯನ್ನು ಯಾರ ಬಳಿ ಬಿಡಲಿ ಎಂದು ಊರಲ್ಲಿ ಕೇಳಿದ. ಎಲ್ಲರೂ ಒಂದೇ ಮನೆಯತ್ತ ಕೈ ತೋರಿಸಿದರು.

ವ್ಯಾಪಾರಿ ರೈತನ ಕೈಗೆ ಹಗ್ಗ ಕೊಟ್ಟು, "ನನಗೆ ಹಿಂದೆ ಮುಂದೆ ಯಾರೂ ಇಲ್ಲ ಗೌಡ್ರೇ, ಇದೊಂದೇ. ಮಳೆ ಕಳೀತಲೇ ಬಂದು ಕರ್ಕೊಂಡು ಹೋಗ್ತೀನಿ. ಇದರ ಮೇವಿನ ವಿಷಯ ಒಂದು ಮಾತು ಹೇಳ್ಬೇಕು…" ಎಂದು ಶುರುಮಾಡಿದ.

ರೈತ ನಕ್ಕುಬಿಟ್ಟ. "ಮೂಕಪ್ರಾಣಿ ಹೊಟ್ಟೆ ನೋಡೋದನ್ನ ನನಗೆ ಹೇಳಿಕೊಡ್ತೀರಾ ಸಾವ್ಕಾರ್ರೇ? ನೀವು ನಿಶ್ಚಿಂತೆಯಾಗಿ ಹೋಗಿ ಬನ್ನಿ. ಬರೋ ಹೊತ್ತಿಗೆ ನಿಮ್ಮ ಕುದುರೆ ನಿಮಗೇ ಗುರುತು ಸಿಗಬಾರದು, ಹಾಗೆ ಸಾಕಿರ್ತೀನಿ."

ವ್ಯಾಪಾರಿ ಕೊಟ್ಟಿಗೆಯಲ್ಲಿದ್ದ ಎತ್ತುಗಳನ್ನು ನೋಡಿದ. ಅವುಗಳ ಮೈ ಮಿರಿಮಿರಿ ಮಿಂಚುತ್ತಿತ್ತು. ಅದನ್ನು ಕಂಡು ಅವನಿಗೆ ಧೈರ್ಯ ಬಂತು. ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು, ಕುದುರೆಯ ಕೊರಳಿಗೆ ಮುಖವಿಟ್ಟು ಸ್ವಲ್ಪ ಹೊತ್ತು ನಿಂತು, ಹೊರಟುಹೋದ.

ನಿಜ ಹೇಳಬೇಕೆಂದರೆ ರೈತ ಅದುವರೆಗೆ ಕುದುರೆಯನ್ನು ಹತ್ತಿರದಿಂದ ಮುಟ್ಟಿಯೂ ನೋಡಿರಲಿಲ್ಲ. ಆ ಊರಿನಲ್ಲಿ ಯಾರೂ ಕುದುರೆ ಸಾಕಿದವರಲ್ಲ. ಆದರೆ ನಾಲ್ಕು ಕಾಲಿದೆ, ಹುಲ್ಲು ತಿನ್ನುತ್ತದೆ, ಬಾಲದಿಂದ ನೊಣ ಓಡಿಸುತ್ತದೆ, ಇನ್ನೇನು ತಿಳಿಯುವುದಿದೆ ಎಂದು ಅವನ ಎಣಿಕೆ.

ಗೊರಸು ತೊಳೆದು, ಕೀವು ತೆಗೆದು, ಅರಿಸಿನ ಎಣ್ಣೆ ಕಟ್ಟಿದ. ಸಂಜೆ ಎತ್ತುಗಳ ಜೊತೆಗೇ ಕುದುರೆಯ ಮುಂದೆಯೂ ಗೋದಲಿ ತುಂಬ ಹುಲ್ಲು ಹಾಕಿದ. ಎತ್ತುಗಳು ತಿಂದು, ನೀರು ಕುಡಿದು, ಮಲಗಿ ಮೆಲುಕು ಹಾಕತೊಡಗಿದವು. ಕುದುರೆ ತಿಂದಿತು. ತಿಂದು ಮುಗಿಸಿ ನಿಂತೇ ಇತ್ತು. ರೈತ ಪಕ್ಕೆಯ ಗುಳಿ ನೋಡಿದ. ಎತ್ತಿಗೆ ತುಂಬುವಂತೆ ಅದು ತುಂಬಿರಲಿಲ್ಲ. ಇನ್ನಷ್ಟು ಹುಲ್ಲು ಹಾಕಿದ. ಅದನ್ನೂ ತಿಂದು ನಿಂತಿತು.

ಒಳಗಿನಿಂದ ಹೆಂಡತಿ ಕೂಗಿದಳು. "ರೊಟ್ಟಿ ಆರ್ತಾ ಇದೆ."

"ತಾಳು, ಇನ್ನೂ ಮೆಲುಕು ಹಾಕಿಲ್ಲ."

"ಎತ್ತು ಹಾಕ್ತಾ ಇದಾವಲ್ಲ, ನಂಗೇ ಕೇಳಿಸ್ತಿದೆ."

"ಕುದುರೆ ಹಾಕಿಲ್ಲ."

ಆ ದಿನ ಅವನು ಒಂದು ಚೆಂಬು ಮಜ್ಜಿಗೆ ಕುಡಿದು ಮಲಗಿದ. ಮಜ್ಜಿಗೆಯನ್ನು ಅಗಿಯುವುದಿಲ್ಲವಾದ್ದರಿಂದ ಅದು ನೇಮಕ್ಕೆ ಭಂಗವಲ್ಲ ಎಂದು ಅವನೇ ತೀರ್ಮಾನಿಸಿಕೊಂಡ.

ಬೆಳಿಗ್ಗೆ ನೋಡಿದರೆ ಕುದುರೆ ಹಾಗೆಯೇ ನಿಂತಿತ್ತು. ಹೊಸ ಜಾಗ, ನಾಚಿಕೆ ಇರಬೇಕು ಎಂದುಕೊಂಡ. ಮಾರನೆಯ ದಿನವೂ ನಿಂತಿತ್ತು. ಮಲಗುವುದೇ ಇಲ್ಲ, ಮೆಲುಕೂ ಇಲ್ಲ. ಒಡೆಯನನ್ನು ನೆನೆದು ಕೊರಗುತ್ತಿದೆ ಎಂದು ನೆರೆಯವನೊಬ್ಬ ಹೇಳಿದ. ದೃಷ್ಟಿ ತಾಗಿದೆ ಎಂದು ಇನ್ನೊಬ್ಬ ಹೇಳಿದ. ಹುಲ್ಲು ರುಚಿಸಿಲ್ಲ, ಬೇರೆ ಹಾಕಿ ನೋಡು ಎಂದು ಮೂರನೆಯವನು ಹೇಳಿದ. ರೈತನಿಗೆ ಈ ಕೊನೆಯ ಮಾತೇ ಸರಿಯೆನಿಸಿತು. ಜೋಳದ ದಂಟು ಕತ್ತರಿಸಿ ಹಾಕಿದ. ಕಡಲೆ ಹೊಟ್ಟು ಹಾಕಿದ. ಬೆಟ್ಟದ ಕೆಳಗಿನಿಂದ ಹಸಿಹುಲ್ಲು ಹೊತ್ತು ತಂದ. ಕುದುರೆ ಯಾವುದನ್ನೂ ಒಲ್ಲೆನ್ನಲಿಲ್ಲ. ಹಾಕಿದ್ದನ್ನೆಲ್ಲ ತಿಂದು ನಿಂತೇ ಇರುತ್ತಿತ್ತು. ರೈತ ಬರೀ ಮಜ್ಜಿಗೆಯಲ್ಲೇ ದಿನ ಕಳೆಯುತ್ತಿದ್ದ.

ಊರಿನವರ ಎತ್ತುಗಳ ಹೊಟ್ಟೆಯನ್ನೆಲ್ಲ ನೋಡಿ ಹೇಳುತ್ತಿದ್ದವನಿಗೆ ಒಂದು ಕುದುರೆಯ ಹೊಟ್ಟೆ ಅರ್ಥವಾಗಲಿಲ್ಲ. ಇದು ಅವನನ್ನು ಹಸಿವಿಗಿಂತ ಹೆಚ್ಚು ಸುಡುತ್ತಿತ್ತು. ದಾರಿಯಲ್ಲಿ ಯಾರಾದರೂ "ಏನಂತೆ ನಿನ್ನ ಕುದುರೆ?" ಎಂದರೆ "ಪರವಾಗಿಲ್ಲ, ಚೆನ್ನಾಗಿದೆ" ಎಂದು ಮುಂದೆ ಹೋಗುತ್ತಿದ್ದ. ಹೋಗುವಾಗ ಉಟ್ಟ ಪಂಚೆ ಸೊಂಟದಿಂದ ಜಾರುತ್ತಿತ್ತು. ಅದನ್ನು ಬಿಗಿಮಾಡಿಕೊಳ್ಳುತ್ತಿದ್ದ.

ಕೊನೆಗೊಂದು ಸಂಜೆ ಹೆಂಡತಿ ನೀರಿನ ಕೊಡ ಹೊತ್ತು ಬಂದವಳು ಹೊಸಿಲ ಬಳಿ ತಲೆ ತಿರುಗಿ ಕುಸಿದು ಕುಳಿತಳು. ರೈತ ಓಡಿಬಂದು ಕೊಡ ಹಿಡಿದ. ಆಗಲೇ ಅವನಿಗೆ ಗೊತ್ತಾದದ್ದು, ತಾನು ಉಣ್ಣದ ಹೊತ್ತುಗಳಲ್ಲೆಲ್ಲ ಅವಳೂ ಉಂಡಿಲ್ಲವೆಂದು.

"ಆ ಪ್ರಾಣಿ ಬಾಯಾಡಿಸಲಿಲ್ಲ ಅಂತ ಈ ಮನೇಲಿ ಎರಡು ಜೀವ ಉಪವಾಸ ಬಿದ್ದಿವೆ" ಎಂದಳು ಅವಳು. "ನೇಮ ದೊಡ್ಡದೋ, ನಾವು ದೊಡ್ಡೋರೋ, ನೀವೇ ಹೇಳಿ."

ನೇಮ ಮುರಿಯಲು ರೈತನ ಮನಸ್ಸು ಒಪ್ಪಲಿಲ್ಲ. ಹೆಂಡತಿಯ ಮುಖ ನೋಡಲೂ ಆಗಲಿಲ್ಲ. ಇವತ್ತಿಗೆ ಇದನ್ನು ಮುಗಿಸಿಬಿಡಬೇಕು, ಈ ಕುದುರೆಯ ಹಸಿವು ಎಷ್ಟು ದೊಡ್ಡದಿದ್ದರೂ ಅದನ್ನು ತುಂಬಿಸಿಬಿಡಬೇಕು ಎಂದು ಹಟ ಹಿಡಿದ. ಉಳುಮೆಯ ದಿನಗಳಿಗೆಂದು ಎತ್ತುಗಳಿಗಾಗಿ ಎತ್ತಿಟ್ಟಿದ್ದ ಹುರುಳಿಯನ್ನು ಹಂಡೆ ತುಂಬ ಬೇಯಿಸಿದ. ಬೆಲ್ಲ ಪುಡಿಮಾಡಿ ಕಲೆಸಿದ. ಬೋಗುಣಿ ತುಂಬ ತಂದು ಕುದುರೆಯ ಮುಂದಿಟ್ಟ. ಅದು ತಿಂದಿತು. ಮತ್ತೆ ತುಂಬಿ ತಂದ, ಮತ್ತೆ ತಿಂದಿತು. ಹಂಡೆಯ ತಳ ಕಾಣುವವರೆಗೆ ತಂದ. ಪ್ರೀತಿಯಿಂದಲೇ ತಂದ. ಅದರಲ್ಲಿ ಸುಳ್ಳಿಲ್ಲ.

ಬೆಳಿಗ್ಗೆ ಕೊಟ್ಟಿಗೆಗೆ ಬಂದು ನೋಡಿದರೆ ಕುದುರೆ ಮಲಗಿತ್ತು.

ರೈತ ಹಿಗ್ಗಿಹೋದ. ಕೊನೆಗೂ ಮಲಗಿತು! ಹೊಟ್ಟೆ ತುಂಬಿತು! ಇನ್ನೇನು ಮೆಲುಕು ಹಾಕುತ್ತದೆ! "ರೊಟ್ಟಿ ತಟ್ಟೇ, ರೊಟ್ಟಿ ತಟ್ಟು!" ಎಂದು ಅಲ್ಲಿಂದಲೇ ಕೂಗಿ, ನಗುನಗುತ್ತ ಕುದುರೆಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತ.

ಕುದುರೆಯ ಮೈಯೆಲ್ಲ ಬೆವರಿತ್ತು. ಅದು ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ನೋಡುತ್ತ ನೋಡುತ್ತ ನರಳಿತು. ಆಮೇಲೆ ಕಾಲುಗಳನ್ನು ಬಡಿಯುತ್ತ ಅತ್ತಿಂದಿತ್ತ ಹೊರಳಾಡಿತು.

ಹೊಟ್ಟೆಯುಬ್ಬರ ಎಂದರೇನೆಂದು ರೈತನಿಗೆ ಗೊತ್ತು. ಎಷ್ಟೋ ಎತ್ತುಗಳನ್ನು ಉಳಿಸಿದವನು. ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ತಂದ. ಎಣ್ಣೆಯಲ್ಲಿ ಓಮದ ಪುಡಿ ಕಲೆಸಿ ಗಂಟಲಿಗೆ ಹೊಯ್ದ. ಎತ್ತಾದರೆ ಸ್ವಲ್ಪ ಹೊತ್ತಿಗೆ ದೊಡ್ಡದಾಗಿ ತೇಗುತ್ತದೆ, ಒಳಗಿನ ವಾಯು ಮೇಲೆ ಬರುತ್ತದೆ, ಹೊಟ್ಟೆ ಇಳಿಯುತ್ತದೆ. ಅವನು ತೇಗಿಗಾಗಿ ಕಾದ. ಬರಲಿಲ್ಲ. ಕುದುರೆಯ ಕತ್ತಿನ ನರಗಳು ಬಿಗಿದುಕೊಂಡವು, ಕಣ್ಣುಗಳು ದೊಡ್ಡವಾದವು, ಮೂಗಿನ ಹೊಳ್ಳೆಗಳು ಅರಳಿದವು. ಮೇಲಕ್ಕೆ ಏನೂ ಬರಲಿಲ್ಲ.

ಆಗ ರೈತನಿಗೆ ಹೊಳೆಯಿತು. ಈ ಪ್ರಾಣಿಯ ಒಳಗೆ ಹೋದದ್ದು ತಿರುಗಿ ಬರುವುದಿಲ್ಲ. ಇದು ತೇಗಲಾರದು, ಕಾರಲಾರದು. ಮೆಲುಕು ಹಾಕಲು ಇದಕ್ಕೆ ಬರುವುದೇ ಇಲ್ಲ. ತಾನು ಇಟ್ಟ ಪ್ರತಿಯೊಂದು ಬೊಗಸೆಯನ್ನೂ ಇದು ಹಿಂದಿರುಗಿಸುವ ದಾರಿಯೇ ಇಲ್ಲದೆ ತೆಗೆದುಕೊಂಡಿದೆ. ತುಂಬಿಸುವುದೊಂದೇ ಅವನು ಬಲ್ಲ ವಿದ್ಯೆ. ಇಲ್ಲಿ ಅದೇ ಕೊಲ್ಲುತ್ತಿತ್ತು.

ಕುದುರೆ ಹೊರಳಿ ಹೊರಳಿ ಗೋದಲಿಯ ಕಲ್ಲಿನ ಹತ್ತಿರ ಬಂತು. "ಕಲ್ಲಿಗೆ ಬಡ್ಕೊಂಡು ಕಾಲು ಮುರ್ಕೊಳ್ಳುತ್ತೆ, ಹೊರಗೆ ಎಳೀರಿ!" ಎಂದು ಹೆಂಡತಿ ಕೂಗಿದಳು. ಇಬ್ಬರೂ ಸೇರಿ ಹಗ್ಗ ಹಿಡಿದು ಎಬ್ಬಿಸಿದರು. ಎದ್ದದ್ದು ಮತ್ತೆ ಬೀಳಬಾರದೆಂದು ರೈತ ಅದನ್ನು ನಡೆಸತೊಡಗಿದ. ನಿಂತರೆ ಕುಸಿಯುತ್ತಿತ್ತು, ಅದಕ್ಕೆ ನಿಲ್ಲಿಸಲಿಲ್ಲ. ಊರ ಹೊರಗಿನ ಕೆರೆ ಏರಿಯ ಮೇಲೆ ಆ ತುದಿಗೆ ಹೋಗುವುದು, ಈ ತುದಿಗೆ ಬರುವುದು. ಕುದುರೆ ಕುಸಿಯಲು ನೋಡಿದಾಗ ಅದರ ಪಕ್ಕೆಗೆ ಹೆಗಲು ಕೊಟ್ಟು ನಿಲ್ಲುತ್ತಿದ್ದ. ಅವನ ಕಾಲಲ್ಲೂ ಶಕ್ತಿ ಇರಲಿಲ್ಲ. ಯಾರು ಯಾರನ್ನು ಹಿಡಿದುಕೊಂಡು ನಡೆಯುತ್ತಿದ್ದಾರೆಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ವ್ಯಾಪಾರಿ ಕುದುರೆಯ ಕೊರಳಿಗೆ ಮುಖವಿಟ್ಟು ನಿಂತದ್ದು ಅವನಿಗೆ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು. ಇದು ಸತ್ತರೆ ಆ ಮನುಷ್ಯನಿಗೆ ಏನೆಂದು ಹೇಳಲಿ? "ತಪ್ಪಾಯ್ತು ತಾಯಿ, ತಪ್ಪಾಯ್ತು" ಎನ್ನುತ್ತ ನಡೆದ. ಬೇರೆ ಮಂತ್ರ ಅವನಿಗೆ ಬರುತ್ತಿರಲಿಲ್ಲ.

ಹೊತ್ತು ನೆತ್ತಿಗೆ ಬಂತು, ಇಳಿಯಿತು. ಬಿಸಿಲು ಹಳದಿಯಾಗುವ ಹೊತ್ತಿಗೆ ಕುದುರೆ ತಾನಾಗಿ ನಿಂತು ಬಾಲ ಎತ್ತಿತು. ಹೊಟ್ಟೆಯೊಳಗಿಂದ ದೊಡ್ಡದೊಂದು ಸದ್ದು ಹೊರಟಿತು. ಹಿಂದೆಯೇ ದಬದಬನೆ ಲದ್ದಿ ಬಿತ್ತು.

ರೈತ ಅಳುತ್ತ ನಕ್ಕ. ಏರಿಯ ಮೇಲೆ ಹೋಗುತ್ತಿದ್ದವರು ಅವನು ಲದ್ದಿಗೆ ಕೈಮುಗಿಯುವುದನ್ನು ಕಂಡು ಇವನಿಗೆ ಬುದ್ಧಿ ಕೆಟ್ಟಿತು ಎಂದುಕೊಂಡರು. ಅವರು ಏನಂದುಕೊಂಡರೂ ಅವನಿಗೆ ಬೇಕಿರಲಿಲ್ಲ.

ಕುದುರೆ ಮೈ ಕೊಡವಿಕೊಂಡಿತು. ಬಹಳ ಹೊತ್ತು ಸುಮ್ಮನೆ ನಿಂತಿತ್ತು. ಆಮೇಲೆ ಕತ್ತು ತಗ್ಗಿಸಿ ಏರಿಯ ಅಂಚಿನ ಗರಿಕೆಗೆ ಬಾಯಿ ಹಾಕಿತು. ರೈತ ಹೆದರಿ ಹಗ್ಗ ಜಗ್ಗಿದ. ಮತ್ತೆ ಯಾಕೋ ಅವನ ಕೈ ತಾನಾಗಿ ಸಡಿಲಾಯಿತು.

ಕುದುರೆ ತುಟಿಯಿಂದ ನಾಲ್ಕು ಎಸಳನ್ನು ಆರಿಸಿಕೊಂಡಿತು. ಕಚ್ಚಿ ಕಿತ್ತಿತು. ಅಗಿಯಿತು. ಬಹಳ ಹೊತ್ತು ಅಗಿಯಿತು. ಮೆತ್ತಗೆ, ಒಂದೇ ಸಮನೆ, ದವಡೆ ಮೆಲ್ಲಗೆ ತಿರುಗುವ ಸದ್ದು. ರೈತ ಬೆಚ್ಚಿಬಿದ್ದ. ಇಷ್ಟು ದಿನ ಉಪವಾಸವಿದ್ದು ಕಾದದ್ದು ಇದೇ ಸದ್ದಿಗೆ. ಉಂಡಾದ ಮೇಲೆ ಬರುತ್ತದೆಂದು ಕಾಯುತ್ತಿದ್ದ. ಇದಕ್ಕೆ ಉಂಡಾದ ಮೇಲೆ ಎಂಬುದೇ ಇರಲಿಲ್ಲ. ಎತ್ತು ಮೊದಲು ನುಂಗಿಕೊಳ್ಳುತ್ತದೆ, ಆಮೇಲೆ ಬಿಡುವಾಗಿ ಕುಳಿತು ಅಗಿಯುತ್ತದೆ. ಕುದುರೆಗೆ ಎರಡನೆಯ ಸಲ ಇಲ್ಲ. ಬಾಯಲ್ಲಿ ಇರುವಾಗಲೇ ಎಲ್ಲ ಆಗಬೇಕು. ಮೊದಲ ದಿನದಿಂದ ಇದು ಹೀಗೆಯೇ ಅಗಿಯುತ್ತಿತ್ತು, ಅವನ ಕಣ್ಣೆದುರಿಗೇ. ಅವನು ನೋಡಿರಲಿಲ್ಲ.



ಮಾರನೆಯ ಬೆಳಗಾಗುತ್ತಲೇ ಕುದುರೆಯನ್ನು ಮತ್ತೆ ಏರಿಗೆ ಕರೆತಂದು, ಹಗ್ಗವನ್ನು ಉದ್ದ ಬಿಟ್ಟು, ತಾನು ಒಂದು ಕಲ್ಲಿನ ಮೇಲೆ ಕುಳಿತ. ಕುದುರೆ ಒಂದು ತುತ್ತು ಮೇಯುತ್ತಿತ್ತು, ಒಂದು ಹೆಜ್ಜೆ ಇಡುತ್ತಿತ್ತು. ಇನ್ನೊಂದು ತುತ್ತು, ಇನ್ನೊಂದು ಹೆಜ್ಜೆ. ನಡುವೆ ತಲೆಯೆತ್ತಿ ಗಾಳಿಗೆ ಕಿವಿ ನಿಮಿರಿಸಿ ನಿಲ್ಲುತ್ತಿತ್ತು, ಮತ್ತೆ ತಗ್ಗಿಸುತ್ತಿತ್ತು. ಮುಗಿಸಬೇಕೆಂಬ ಅವಸರ ಅದಕ್ಕಿರಲಿಲ್ಲ. ಕೂಡಿಡಲು ಅದರೊಳಗೆ ಜಾಗವಿರಲಿಲ್ಲ. ಹೊತ್ತು ಏರಿದರೂ ಹಾಗೆಯೇ ಮೇಯುತ್ತಿತ್ತು. ಹಿಂದಿನ ತುತ್ತು ಅದಕ್ಕೆ ಮುಗಿದುಹೋಯಿತು, ಮುಂದಿನದು ಇನ್ನೂ ನೆಲದಲ್ಲಿದೆ, ಇರುವುದು ಬಾಯಲ್ಲಿರುವ ಈ ನಾಲ್ಕು ಎಸಳು. ಇಷ್ಟು ದೊಡ್ಡ ಮೈ, ಇಷ್ಟು ಶಕ್ತಿ, ನಾಗಾಲೋಟ, ಎಲ್ಲವೂ ಈ ನಾಲ್ಕು ಎಸಳಿನ ಮೇಲೆ ನಿಂತಿದೆ! ದನಗಳ ನಡುವೆಯೇ ಹುಟ್ಟಿ ಬೆಳೆದ ರೈತ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಇಂಥದೊಂದು ಜೀವವನ್ನು ಮಾಡಿದವನು ಎಂಥವನಿರಬೇಕು ಎಂದುಕೊಂಡ. ಕಣ್ಣು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದ.

ಹೆಂಡತಿ ಬುಟ್ಟಿಯಲ್ಲಿ ರೊಟ್ಟಿ ಹೊತ್ತುಕೊಂಡು ಏರಿಯ ಮೇಲೆ ಬಂದಳು. ಏನು ಹೇಳುತ್ತಾನೋ ಎಂದು ಅಳುಕುತ್ತಲೇ ಬಂದಿದ್ದಳು. "ಹಾಕ್ತಾ ಮೆಲುಕು?" ಎಂದು ಕೇಳಿದಳು.

"ಇದು ಹಾಕೋದಿಲ್ಲ ಕಣೇ. ಇದಕ್ಕೆ ಎಲ್ಲಾ ಒಂದೇ ಸಲ" ಎಂದ ರೈತ. "ಕೂತ್ಕೋ, ಉಣ್ಣೋಣ."

ಅವಳು ಅವನ ಮುಖ ನೋಡಿ ಕುಳಿತಳು. ಎಷ್ಟೋ ದಿನಗಳ ಹಸಿವು, ಇಬ್ಬರೂ ಗಬಗಬ ತಿನ್ನಬೇಕಿತ್ತು. ತಿನ್ನಲಿಲ್ಲ. ಒಂದೊಂದೇ ತುತ್ತು ಮುರಿದು, ಕುದುರೆಯನ್ನು ನೋಡುತ್ತ ಉಂಡರು.

ಆಮೇಲೆ ಕುದುರೆಗೆ ಹುಲ್ಲು ಹಾಕುವುದು ರೈತನಿಗೆ ಬೇರೆಯೇ ಕೆಲಸವಾಯಿತು. ಒಂದು ತೆಕ್ಕೆ ಹಾಕುವ ಕಡೆ ಒಂದು ಹಿಡಿ ಹಾಕುತ್ತಿದ್ದ, ಅದು ಮುಗಿಯುತ್ತ ಬಂದಾಗ ಇನ್ನೊಂದು ಹಿಡಿ. ಹೊಲಕ್ಕೆ ಹೋದರೆ ಜೊತೆಗೇ ಕರೆದುಕೊಂಡು ಹೋಗಿ ಬದುವಿನಲ್ಲಿ ಮೇಯಲು ಬಿಡುತ್ತಿದ್ದ. ಗೋದಲಿಯ ಕಲ್ಲನ್ನು ನೆಕ್ಕಿದ್ದರೆ ಕಡಿಮೆಯಾಯಿತೆಂದು ತಿಳಿಯುತ್ತಿದ್ದ. ಎಸಳು ತಿಂದು ದಂಟು ಬಿಟ್ಟು ಬೇರೆಲ್ಲೋ ನೋಡುತ್ತ ನಿಂತಿದ್ದರೆ ಕೈ ನಿಲ್ಲಿಸುತ್ತಿದ್ದ. ಪಕ್ಕೆಯ ಮೇಲೆ ಅಂಗೈ ಇಡುತ್ತಿದ್ದ. ಕಣ್ಣಿಗೆ ಎಲುಬು ಕಾಣಬಾರದು, ಕೈಗೆ ಮಾತ್ರ ಸಿಗಬೇಕು. ಇಷ್ಟು ತಿಳಿದ ಮೇಲೆ ಎಲ್ಲ ತಿಳಿಯಿತು ಎಂದುಕೊಂಡರೆ, ಮಳೆ ಬಂದ ದಿನ ಅದಕ್ಕೆ ಬೇರೆ ಹಸಿವು, ಬಹಳ ನಡೆದ ದಿನ ಬೇರೆ. ನಿನ್ನೆಯದು ಇವತ್ತಿಗೆ ಸರಿಹೋಗುತ್ತಿರಲಿಲ್ಲ. ಪ್ರತಿ ಬೆಳಿಗ್ಗೆಯೂ ಏನೂ ಗೊತ್ತಿಲ್ಲದವನಂತೆ ಅದರ ಮುಂದೆ ಹೋಗಿ ನಿಲ್ಲುತ್ತಿದ್ದ.

ಮಳೆ ಕಳೆದು ವ್ಯಾಪಾರಿ ಬಂದ. ಕುದುರೆ ದೂರದಿಂದಲೇ ಕೆನೆಯಿತು. ಗೊರಸು ವಾಸಿಯಾಗಿತ್ತು. ಮೈ ಬೊಜ್ಜು ಬಂದಿರಲಿಲ್ಲ, ಸೊರಗಿರಲೂ ಇಲ್ಲ. ವ್ಯಾಪಾರಿ ಅದರ ಸುತ್ತ ತಿರುಗಿ ನೋಡಿ, ಪಕ್ಕೆ ಮುಟ್ಟಿ ನೋಡಿ, ಸಂತೋಷ ತಡೆಯಲಾರದೆ ಕೇಳಿದ. "ದಿನಕ್ಕೆ ಎಷ್ಟು ಹುಲ್ಲು ಹಾಕ್ತಿದ್ರಿ ಗೌಡ್ರೇ?"

ಇಂಥ ಪ್ರಶ್ನೆಗೆ, ಕೇಳುವವನ ಮಾತು ಮುಗಿಯುವ ಮೊದಲೇ ಉತ್ತರ ಹೇಳಿ ರೂಢಿಯಾದವನು ರೈತ. ಈಗ ಕುದುರೆಯ ಕಡೆ ತಿರುಗಿ ನೋಡಿದ.

"ನಂಗೊತ್ತಿಲ್ಲ ಸಾವ್ಕಾರ್ರೇ" ಎಂದ. "ದಿನಾ ಅದನ್ನೇ ಕೇಳ್ತಿದ್ದೆ."

ವ್ಯಾಪಾರಿ ಕುದುರೆ ಹತ್ತಿ ಹೊರಟ. ತಿರುವಿನಲ್ಲಿ ಮರೆಯಾಗುವವರೆಗೂ ರೈತ ನೋಡುತ್ತ ನಿಂತಿದ್ದ. ಆಮೇಲೆ ಕೊಟ್ಟಿಗೆಗೆ ಬಂದ. ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅವನು ಅವುಗಳ ಎದುರಿಗೆ ಕುಳಿತು, ಹಿಂದೆಂದೂ ಕೇಳಿರದವನಂತೆ ಅದನ್ನು ಕೇಳಿದ. ಊಟಕ್ಕೆ ಹೆಂಡತಿಯೇ ಬಂದು ಕರೆಯಬೇಕಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧ ಮಂಡಿಯ ಮೇಲೆ ಗಲ್ಲವಿಟ್ಟು ಕೇಳುತ್ತಿದ್ದ. ಕತೆ ಮುಗಿದದ್ದು ಅವನಿಗೆ ಕೂಡಲೇ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಮತ್ತೆ ಅವನ ಹಳೆಯ ಸಂಕಟ ಮುಖಕ್ಕೆ ಬಂತು.

"ರೈತನಿಗೇನೋ ತಿಳಿಯಿತು, ಗುರುಗಳೇ" ಎಂದ. "ನನ್ನ ವಿಷಯ ಬೇರೆ. ಮಠದಲ್ಲಿ ಎಲ್ಲರಿಗೂ ಕಣ್ಣೀರು ಬರುತ್ತದೆ, ಎಲ್ಲರೂ ಮೈಮರೆಯುತ್ತಾರೆ. ನಾನು ಎಷ್ಟು ಮಾಡಿದರೂ ನನಗೆ ಅದು ಆಗುತ್ತಿಲ್ಲ. ಅದು ಆಗಬೇಕಾದರೆ ಇನ್ನೂ ಎಷ್ಟು ಹಾಕಬೇಕು?"

ಗುರುಗಳು ಅವನ ಎದೆಯೆಲುಬುಗಳ ಮೇಲೆ ಮೆಲ್ಲಗೆ ಅಂಗೈ ಇಟ್ಟರು.

"ನಿನ್ನ ಕೊಟ್ಟಿಗೆಯಲ್ಲಿ ಕಟ್ಟಿರುವುದು ಎತ್ತೆಂದು ನಿನಗೆ ಯಾರು ಹೇಳಿದರು?"

ಮರುಳಸಿದ್ಧ ತನ್ನ ಎಲುಬುಗಳ ಮೇಲಿದ್ದ ಆ ಕೈಯನ್ನು ನೋಡಿದ. ಆಮೇಲೆ ಗವಿಯ ಅಪ್ಪಣೆಯನ್ನು ಮತ್ತೆ ಕೇಳದೆ, ಎದ್ದು ಅಡುಗೆಮನೆಯ ಕಡೆ ನಡೆದ.